ಬ್ಯಾಕ್ಟೀರಿಯಾ ಯಾರ ಪೈಕಿ?

ಜಗಳ ಶುರುವಾಗಿದ್ದು ಒಣಗಿದ ಎಲೆಯಿಂದ. ಉದುರಿದ ಎಲೆಗಳೆಲ್ಲ ಎಲ್ಲಿಗೆ ಹೋಗುತ್ತವೆ ಅಂತ ಗುಂಡಣ್ಣ ಕೇಳಿದ. ಕೊಳೆತು ಮಣ್ಣಾಗುತ್ತವೆ ಅಂತ ಶ್ರೀಪತಿ ಹೇಳಿದ. ಕೊಳೆಯುವುದು ಅಂದರೇನು ಅಂತ ವಕೀಲರು ಕೇಳಿದರು. ನಮ್ಮ ವಕೀಲರ ಸ್ವಭಾವವೇ ಹಾಗೆ, ಯಾರು ಏನು ಉತ್ತರ ಕೊಟ್ಟರೂ ಅವರ ಕಿವಿಗೆ ಅದು ಇನ್ನೊಂದು ಪ್ರಶ್ನೆಯಾಗಿಯೇ ಬೀಳುತ್ತದೆ. ಕೊನೆಗೆ ಎಲ್ಲರೂ ವೀಣಾ ಕಡೆ ತಿರುಗಿದೆವು. ಅವಳು ಬ್ಯಾಕ್ಟೀರಿಯಾ ಬೆಳೆಸಿ ಸಂಬಳ ತೆಗೆದುಕೊಳ್ಳುವವಳು.

"ಕೊಳೆಯುವುದು ಅಂದರೆ ಯಾರೋ ತಿನ್ನುತ್ತಿದ್ದಾರೆ ಅಂತ ಅರ್ಥ. ಶಿಲೀಂಧ್ರಗಳು ತಿನ್ನುತ್ತವೆ, ಬ್ಯಾಕ್ಟೀರಿಯಾ ತಿನ್ನುತ್ತವೆ. ಶಿಲೀಂಧ್ರ ನನ್ನ ವಿಭಾಗ ಅಲ್ಲ, ಅದನ್ನು ಕೇಳಬೇಡಿ."

"ಬ್ಯಾಕ್ಟೀರಿಯಕ್ಕೆ ಬಾಯಿ ಎಲ್ಲಿದೆ?" ಅಂದರು ವಕೀಲರು.

"ಇಲ್ಲ. ತೊಂದರೆ ಇರುವುದೇ ಅಲ್ಲಿ," ಅಂದಳು ವೀಣಾ. ಗಿಡದ ಜೀವಕೋಶಗಳ ಗೋಡೆಯ ಮುಖ್ಯ ಸಾಮಗ್ರಿ ಸೆಲ್ಯುಲೋಸ್. ಸೆಲ್ಯುಲೋಸ್ ಅಂದರೆ ಗ್ಲುಕೋಸ್ ಕಣಗಳು ಒಂದರ ಬಾಲ ಒಂದು ಹಿಡಿದು ನಿಂತ ಸಾಲು. ಸಾಲಿನಲ್ಲಿ ಒಂದೊಂದು ಗ್ಲುಕೋಸ್ ಸುಮಾರು ಅರ್ಧ ನ್ಯಾನೋಮೀಟರ್ ಜಾಗ ಹಿಡಿಯುತ್ತದೆ. 5000 ಗ್ಲುಕೋಸ್ ಇರುವ ಸಾಲು ಎರಡೂವರೆ ಮೈಕ್ರೋಮೀಟರ್ ಉದ್ದ ಆಯಿತು. ಬ್ಯಾಕ್ಟೀರಿಯಾ ಇರುವುದೇ ಒಂದೆರಡು ಮೈಕ್ರೋಮೀಟರ್.

"ಅಂದರೆ ತುತ್ತು ಉಣ್ಣುವವನಿಗಿಂತ ಉದ್ದ," ಅಂದ ಗುಂಡಣ್ಣ. ಅವನಿಗೆ ಇದು ದುರಂತದಂತೆ ಕಾಣಲಿಲ್ಲ, ಭಾಗ್ಯದಂತೆ ಕಂಡಿತು.

"ಹೌದು. ಒಳಗೆ ಎಳೆದುಕೊಳ್ಳಲು ಆಗುವುದಿಲ್ಲ. ಅದಕ್ಕೇ ಕಿಣ್ವಗಳನ್ನು ತಯಾರಿಸಿ ಹೊರಗೆ ಬಿಡುತ್ತದೆ. ಕಿಣ್ವಗಳು ಹೊರಗೇ ಕತ್ತರಿಸುತ್ತವೆ. ಒಂದು ಜಾತಿಯದು ಸಾಲಿನ ನಡುವೆ ಕಡಿಯುತ್ತದೆ. ಇನ್ನೊಂದು ತುದಿಯಿಂದ ಎರಡೆರಡೇ ಗ್ಲುಕೋಸ್ ಕಿತ್ತು ಹಾಕುತ್ತದೆ. ಆ ಜೋಡಿಗೆ ಸೆಲ್ಲೋಬಯೋಸ್ ಅಂತ ಹೆಸರು. ಹೆಸರು ನೆನಪಿಟ್ಟುಕೊಳ್ಳಿ, ಇಡೀ ಕಥೆ ಅದರ ಮೇಲೆ ನಿಂತಿದೆ."

ಶ್ರೀಪತಿ ಮುಖ ಆಗಲೇ ಗಂಟಾಗಿತ್ತು. ಅವನು ಲೆಕ್ಕಪತ್ರ ತಪಾಸಣೆ ಮಾಡುವವನು. ಯಾರಾದರೂ ಏನನ್ನಾದರೂ ಹೊರಗೆ ಬಿಡುತ್ತಾರೆ ಅಂದರೆ ಅವನ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ. "ತಡಿ ವೀಣಾ. ಕಿಣ್ವ ಅಂದರೆ ಪ್ರೋಟೀನ್ ಅಲ್ವಾ? ಅದನ್ನು ಮಾಡಲು ಖರ್ಚಿದೆ. ಮಾಡಿದ್ದನ್ನು ಹೊರಗೆ ಬಿಟ್ಟರೆ ಅದು ವಾಪಸ್ ಬರುವುದಿಲ್ಲ. ಕತ್ತರಿಸಿದ ಸಕ್ಕರೆಯನ್ನು ಪಕ್ಕದವನು ಎತ್ತಿಕೊಂಡು ಹೋದರೆ?"

"ಎತ್ತಿಕೊಂಡು ಹೋಗುತ್ತಾನೆ. ಒಂದೂ ಕಿಣ್ವ ಮಾಡದೆ ಬರೀ ಪಕ್ಕದವರು ಕತ್ತರಿಸಿದ್ದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಬೇಕಾದಷ್ಟಿವೆ."

"ಹಾಗಿದ್ದರೆ ಮಾಡುವವನು ಮೂರ್ಖ."

"ಯಾವಾಗಲೂ ಮಾಡಿದರೆ ಮೂರ್ಖ. ಬೇಕಾದಾಗ ಮಾತ್ರ ಮಾಡಿದರೆ ಬದುಕುತ್ತಾನೆ. ಅದಕ್ಕೇ ಈ ಕಿಣ್ವಗಳ ಜೀನ್‌ಗಳು, ಅಂದರೆ ಅವನ್ನು ಮಾಡುವುದು ಹೇಗೆ ಅಂತ ಡಿಎನ್‌ಎಯಲ್ಲಿ ಬರೆದಿಟ್ಟ ಪಾಠಗಳು, ಸಾಮಾನ್ಯವಾಗಿ ಮುಚ್ಚಿಯೇ ಇರುತ್ತವೆ. ಬೇಕಾದಾಗ ತೆರೆದುಕೊಳ್ಳುತ್ತವೆ."

ಇಲ್ಲಿ ವಕೀಲರು ಕೈ ಎತ್ತಿದರು. "ಬೇಕಾದಾಗ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಕಣ್ಣಿಲ್ಲ. ಮೂಗಿಲ್ಲ. ಎಲೆ ಒಳಗೆ ಬರುವುದಿಲ್ಲ. ಕಿಣ್ವ ಮಾಡಿದರೆ ತಾನೇ ಎಲೆ ಇದೆ ಅಂತ ಗೊತ್ತಾಗುವುದು? ಎಲೆ ಇದೆ ಅಂತ ಗೊತ್ತಾದರೆ ತಾನೇ ಕಿಣ್ವ ಮಾಡುವುದು? ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂದ ಹಾಗಾಯಿತಲ್ಲ?"

ಒಪ್ಪಿಕೊಳ್ಳಲೇಬೇಕು, ಪ್ರಶ್ನೆ ಚೆನ್ನಾಗಿತ್ತು. ವೀಣಾ ಕೂಡ ಒಂದು ಕ್ಷಣ ಸಂತೋಷಪಟ್ಟಳು. ವಕೀಲರ ಪ್ರಶ್ನೆಗೆ ಯಾರಾದರೂ ಸಂತೋಷಪಟ್ಟಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಪೂರ್ತಿ ಮುಚ್ಚಿರುವುದಿಲ್ಲ ವಕೀಲ್ರೇ. ಸ್ವಲ್ಪ ಸೋರುತ್ತಿರುತ್ತದೆ. ಬಿಗಿಯಾಗಿ ಮುಚ್ಚಿದ ಜೀನ್ ಕೂಡ ಆಗೊಮ್ಮೆ ಈಗೊಮ್ಮೆ ತೆರೆದು ಒಂದಿಷ್ಟು ಕಿಣ್ವ ಮಾಡಿಬಿಡುತ್ತದೆ. ಆ ನಾಲ್ಕಾರು ಕಿಣ್ವ ಹೊರಗೆ ಹೋಗುತ್ತವೆ. ಸೆಲ್ಯುಲೋಸ್ ಸಿಕ್ಕಿದರೆ ಚೂರು ಕತ್ತರಿಸುತ್ತವೆ. ಚೂರು ಒಳಗೆ ಬರುತ್ತದೆ. ಚೂರು ಬಂತು ಅಂದರೆ ಹೊರಗೆ ಮಾಲಿದೆ ಅಂತ ಅರ್ಥ. ಆಗ ಜೀನ್ ಪೂರ್ತಿ ತೆರೆದುಕೊಳ್ಳುತ್ತದೆ."

"ಸೋರಿಕೆ," ಅಂದ ಶ್ರೀಪತಿ. ಅವನ ವೃತ್ತಿಯಲ್ಲಿ ಅದು ಕೆಟ್ಟ ಮಾತು. ಆದರೆ ಈ ಸಲ ಒಳ್ಳೆಯ ಅರ್ಥದಲ್ಲಿ ಹೇಳಿದನೋ ಏನೋ, ಧ್ವನಿ ನಡುಗುತ್ತಿತ್ತು.

ಚೂರು ಒಳಗೆ ಬಂದ ಮೇಲೆ ಏನಾಗುತ್ತದೆ ಅಂತ ತೋರಿಸಲು ವೀಣಾ ಒಂದು ಬ್ಯಾಕ್ಟೀರಿಯಾ ಆರಿಸಿಕೊಂಡಳು. ಥರ್ಮೋಬಿಫಿಡಾ ಫಸ್ಕಾ. ಕಾಂಪೋಸ್ಟ್ ರಾಶಿಯ ಒಳಗೆ 50 ಡಿಗ್ರಿ ಶಾಖದಲ್ಲಿ ಹಾಯಾಗಿ ಬೆಳೆಯುತ್ತದೆ. ಅದರ ಸೆಲ್ಯುಲೋಸ್ ಕತ್ತರಿಸುವ ಕಿಣ್ವಗಳ ಜೀನ್‌ಗಳ ಮುಂದೆ ಡಿಎನ್‌ಎಯಲ್ಲಿ 14 ಅಕ್ಷರಗಳ ಒಂದು ಗುರುತು ಇದೆ. ಅದನ್ನು ಕಾಗದದ ಮೇಲೆ ಬರೆದಳು: ಟಿ, ಜಿ, ಜಿ, ಜಿ, ಎ, ಜಿ, ಸಿ, ಜಿ, ಸಿ, ಟಿ, ಸಿ, ಸಿ, ಸಿ, ಎ.

"ಇದನ್ನು ಹಿಂದಿನಿಂದ ಓದಿದರೂ ಒಂದೇ," ಅಂದಳು.

ವಕೀಲರು ಕಾಗದ ಕಿತ್ತುಕೊಂಡರು. ಕನ್ನಡಕ ಏರಿಸಿದರು. "ಎ, ಸಿ, ಸಿ, ಸಿ, ಟಿ... ಒಂದೇ ಅಲ್ಲ! ಮುಂದಿನಿಂದ ಟಿ ಜಿ ಜಿ ಜಿ, ಹಿಂದಿನಿಂದ ಎ ಸಿ ಸಿ ಸಿ. ಸಾಕ್ಷಿ ಸುಳ್ಳು ಹೇಳುತ್ತಿದ್ದಾರೆ."

"ಪೂರ್ತಿ ಕೇಳಿ. ಡಿಎನ್‌ಎಯಲ್ಲಿ ಎರಡು ಎಳೆ. ಟಿ ಎದುರು ಎ ನಿಲ್ಲುತ್ತದೆ, ಜಿ ಎದುರು ಸಿ ನಿಲ್ಲುತ್ತದೆ. ಎದುರಿನ ಎಳೆಯನ್ನು ಬರೆಯಿರಿ. ಆಮೇಲೆ ಅದನ್ನು ಹಿಂದಿನಿಂದ ಓದಿ."

ವಕೀಲರು ಬರೆದರು. ಎ ಸಿ ಸಿ ಸಿ ಟಿ ಸಿ ಜಿ ಸಿ ಜಿ ಎ ಜಿ ಜಿ ಜಿ ಟಿ. ಬೆರಳಿಟ್ಟು ಹಿಂದಿನಿಂದ ಓದಿದರು. ಟಿ, ಜಿ, ಜಿ, ಜಿ, ಎ, ಜಿ, ಸಿ... ಧ್ವನಿ ಸಣ್ಣದಾಗುತ್ತಾ ಹೋಯಿತು. ಕೊನೆಯ ಎ ಹೊತ್ತಿಗೆ ಕೇಳಿಸಲೇ ಇಲ್ಲ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಮನೆಗೆ ಹೋಗಿ ಇನ್ನೊಂದು ಸಲ ನೋಡಲು ಇರಬೇಕು.

"ಎರಡು ಕಡೆಯಿಂದ ಒಂದೇ ಥರ ಇರುವುದರಿಂದ ಸೆಲ್-ಆರ್ ಅನ್ನುವ ಪ್ರೋಟೀನ್ ಜೋಡಿಯಾಗಿ ಬಂದು ಅದರ ಮೇಲೆ ಕೂರುತ್ತದೆ. ಈ ಅರ್ಧದ ಮೇಲೆ ಒಂದು, ಆ ಅರ್ಧದ ಮೇಲೆ ಒಂದು. ಅದು ಕೂತಿರುವಷ್ಟು ಹೊತ್ತು ಜೀನ್ ಓದುವ ಯಂತ್ರಕ್ಕೆ ಕೆಲಸ ಮುಂದುವರಿಸಲು ಆಗುವುದಿಲ್ಲ. ಸೆಲ್ಲೋಬಯೋಸ್ ಬಂದು ಸೆಲ್-ಆರ್‌ಗೆ ಅಂಟಿಕೊಂಡರೆ ಅದರ ಆಕಾರ ಬದಲಾಗುತ್ತದೆ, ಹಿಡಿತ ಬಿಡುತ್ತದೆ. ಜೀನ್ ತೆರೆಯಿತು. ಕಿಣ್ವ ಬಂತು."

"ಸೆಲ್ಲೋಬಯೋಸ್ ಮುಗಿದರೆ?" ಅಂದ ಶ್ರೀಪತಿ.

"ಸೆಲ್-ಆರ್ ವಾಪಸ್ ಬಂದು ಕೂರುತ್ತದೆ. ಅಂಗಡಿ ಬಂದ್."

ಗುಂಡಣ್ಣ ಎದ್ದು ಕೂತ. ಅವನು ಎದ್ದು ಕೂರುವುದು ಅಪರೂಪ. "ನನಗೆ ಈಗ ಅರ್ಥ ಆಯಿತು. ಇದು ಸೋಮಾರಿ. ಕೆಲಸ ಇದೆ ಅಂತ ಖಾತ್ರಿ ಆಗುವ ತನಕ ಕೈ ಅಲ್ಲಾಡಿಸುವುದಿಲ್ಲ. ಕೆಲಸ ಮುಗಿದ ಕೂಡಲೇ ಮಲಗುತ್ತದೆ. ನಮ್ಮ ಪೈಕಿ."

"ಸೋಮಾರಿ ಅಲ್ಲ, ಜಿಪುಣ," ಅಂದ ಶ್ರೀಪತಿ. "ಹಾಸಿಗೆ ಇದ್ದಷ್ಟು ಕಾಲು ಚಾಚುತ್ತದೆ. ನಮ್ಮ ಪೈಕಿ."

"ಸೋಮಾರಿಯೂ ಅಲ್ಲ, ಜಿಪುಣನೂ ಅಲ್ಲ," ಅಂದಳು ವೀಣಾ. "ಅದು ಒಂದು ಪ್ರೋಟೀನು ಡಿಎನ್‌ಎಗೆ ಅಂಟಿಕೊಂಡಿದೆ, ಇಲ್ಲ ಅಂಟಿಕೊಂಡಿಲ್ಲ, ಅಷ್ಟೇ."

ಯಾರೂ ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ಅಲ್ಲಿಂದ ಮುಂದೆ ವಿಜ್ಞಾನ ಒಂದು ನೆಪ ಅಷ್ಟೇ, ಅಸಲಿ ವ್ಯಾಜ್ಯ ಬ್ಯಾಕ್ಟೀರಿಯಾ ಯಾರ ಪೈಕಿ ಅನ್ನುವುದು.

ಗುಂಡಣ್ಣನಿಗೆ ಅನಿರೀಕ್ಷಿತ ಬಲ ಸಿಕ್ಕಿದ್ದು ಜಾಕ್ ಮೊನೊ ಕಡೆಯಿಂದ. 1941ರಲ್ಲಿ ಪ್ಯಾರಿಸ್‌ನಲ್ಲಿ ಡಾಕ್ಟರೇಟ್ ಪಡೆದ ವಿಜ್ಞಾನಿ. ಬ್ಯಾಕ್ಟೀರಿಯಾಗಳಿಗೆ ಎರಡು ಸಕ್ಕರೆ ಒಟ್ಟಿಗೆ ಕೊಟ್ಟು ಅವು ಹೇಗೆ ಬೆಳೆಯುತ್ತವೆ ಅಂತ ನೋಡಿದ್ದರು. ಗ್ಲುಕೋಸ್ ಇದ್ದರೆ ಮೊದಲು ಅದೇ ಖಾಲಿ. ಆಮೇಲೆ ಬೆಳವಣಿಗೆ ನಿಂತೇ ಬಿಡುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಎರಡನೇ ಸಕ್ಕರೆ ಶುರು.

"ನಡುವೆ ನಿಂತಿತ್ತಲ್ಲ, ಆಗ ಏನು ಮಾಡುತ್ತಿತ್ತು?" ಗುಂಡಣ್ಣನ ಕಣ್ಣಲ್ಲಿ ಆಸೆ.

"ಎರಡನೇ ಸಕ್ಕರೆಗೆ ಬೇಕಾದ ಕಿಣ್ವ ಮಾಡಿಕೊಳ್ಳುತ್ತಿತ್ತು."

"ಮಲಗಿತ್ತು ಅಂತ ಯಾಕೆ ಹೇಳಬಾರದು?"

"ಗುಂಡಣ್ಣ!"

ವೀಣಾ ಮುಂದುವರಿಸಿದಳು. ಮೊನೊ ಆ ಕಾಲದಲ್ಲಿ ಜರ್ಮನ್ ಆಕ್ರಮಣದ ವಿರುದ್ಧ ಗುಟ್ಟಾಗಿ ಹೋರಾಡುವವರ ಜೊತೆಯೂ ಇದ್ದರು. ಗುಪ್ತ ಕಾಗದಗಳನ್ನು ಪ್ರಯೋಗಾಲಯದ ಹತ್ತಿರ ಇಟ್ಟಿದ್ದ ಜಿರಾಫೆಯ ಕಾಲಿನ ಟೊಳ್ಳು ಮೂಳೆಯಲ್ಲಿ ಬಚ್ಚಿಡುತ್ತಿದ್ದರಂತೆ. ವಕೀಲರಿಗೆ ಜಿರಾಫೆ ಬಹಳ ಹಿಡಿಸಿತು. ಸುಮಾರು ಹೊತ್ತು ಬ್ಯಾಕ್ಟೀರಿಯಾ ಮರೆತು ಜಿರಾಫೆಯ ಎಷ್ಟನೇ ಕಾಲು ಅಂತ ವಿಚಾರಣೆ ನಡೆಯಿತು. ಅದನ್ನು ಇಲ್ಲಿ ಬಿಡುತ್ತೇನೆ. ಅಂತೂ 1961ರಲ್ಲಿ ಮೊನೊ ಮತ್ತು ಫ್ರಾಂಸ್ವಾ ಜಾಕೋಬ್ ಸೇರಿ ಜೀನ್‌ಗಳಿಗೆ ಹೀಗೆ ತೆರೆ-ಮುಚ್ಚುವ ವ್ಯವಸ್ಥೆ ಇದೆ ಅಂತ ವಿವರಿಸಿದರು. 1965ರಲ್ಲಿ ಅವರಿಬ್ಬರಿಗೂ ಆಂದ್ರೆ ಲ್ವಾಫ್‌ಗೂ ನೊಬೆಲ್ ಬಂತು.

"ಎಲೆ ತಿನ್ನುವ ಬ್ಯಾಕ್ಟೀರಿಯಾಗೂ ಇದೇ ಕಾನೂನಾ?" ಅಂದರು ವಕೀಲರು.

"ಹೆಚ್ಚಿನವಕ್ಕೆ ಹೌದು. ಸುಲಭದ ಸಕ್ಕರೆ ಸಿಗುತ್ತಿದ್ದರೆ, ಎದುರಿಗೆ ಎಲೆಯ ರಾಶಿ ಇದ್ದರೂ ಕತ್ತರಿಸುವ ಜೀನ್ ತೆರೆಯುವುದಿಲ್ಲ. ಹೇಗೆ ತಡೆಯುತ್ತದೆ ಅನ್ನುವುದು ಬೇರೆ ಬೇರೆ. ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದಲ್ಲಿ ಗ್ಲುಕೋಸ್ ಇಲ್ಲದಾಗ ಸೈಕ್ಲಿಕ್ ಎಎಂಪಿ ಅನ್ನುವ ಸಣ್ಣ ಕಣ ಜಾಸ್ತಿಯಾಗುತ್ತದೆ, ಅದು ಬೇರೆ ಸಕ್ಕರೆಗಳ ಜೀನ್ ತೆರೆಯಲು ಸಹಾಯ ಮಾಡುತ್ತದೆ. ಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ ಕಡೆಯವರದು ಉಲ್ಟಾ. ಹೊಟ್ಟೆ ತುಂಬಿದಾಗ ಎಚ್‌ಪಿಆರ್ ಅನ್ನುವ ಸಣ್ಣ ಪ್ರೋಟೀನಿನ 46ನೇ ಜಾಗದಲ್ಲಿ ಒಂದು ಫಾಸ್ಫೇಟ್ ಅಂಟುತ್ತದೆ. ಅದು ಸಿಸಿಪಿಎ ಅನ್ನುವ ಇನ್ನೊಂದು ಪ್ರೋಟೀನಿನ ಜೊತೆ ಸೇರಿ ಡಿಎನ್‌ಎ ಮೇಲೆ ಕೂತು ಆ ಜೀನ್‌ಗಳನ್ನು ಮುಚ್ಚಿಸುತ್ತದೆ. ಒಬ್ಬರದು ಹಸಿವಿನ ಸುದ್ದಿ, ಇನ್ನೊಬ್ಬರದು ಹೊಟ್ಟೆ ತುಂಬಿದ ಸುದ್ದಿ. ಫಲಿತಾಂಶ ಒಂದೇ."

"ಇದ್ದದ್ದನ್ನು ಕೂತು ಉಣ್ಣುವುದು," ಅಂದ ಗುಂಡಣ್ಣ ಗಂಭೀರವಾಗಿ. ನೊಬೆಲ್ ತನಗೇ ಬಂದ ಹಾಗೆ ಬೀಗುತ್ತಿದ್ದ.

ಶ್ರೀಪತಿಗೆ ತಡೆಯಲಾಗಲಿಲ್ಲ. "ಇದು ಸೋಮಾರಿತನ ಅಲ್ಲ ಮಾರಾಯ. ಲೆಕ್ಕಾಚಾರ. ಅಂಕಿ ಕೊಡು ವೀಣಾ, ಅಂಕಿ ಕೊಟ್ಟರೆ ಇವನ ಬಾಯಿ ಮುಚ್ಚಿಸುತ್ತೇನೆ."

ಅವಳು ಕೊಟ್ಟ ಅಂಕಿ ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಂನದು. ಇದೂ ಶಾಖದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ, ಆದರೆ ಗಾಳಿ ಆಗದು. ಆಮ್ಲಜನಕ ಇಲ್ಲದೆ ಬದುಕುವುದರಿಂದ ಸಕ್ಕರೆಯಿಂದ ಸಿಗುವ ಶಕ್ತಿ ಬಹಳ ಕಡಿಮೆ. ಒಂದೊಂದು ಎಟಿಪಿಯನ್ನೂ ಎಣಿಸಿ ಖರ್ಚು ಮಾಡಬೇಕು. ಎಟಿಪಿ ಅಂದರೆ ಜೀವಕೋಶದ ನಗದು ಅಂತ ಅವಳು ಹೇಳಿದಾಗ ಶ್ರೀಪತಿ ಪೆನ್ನು ತೆಗೆದ.

"ನಾಲ್ಕು ಗ್ಲುಕೋಸ್ ಬಿಡಿಬಿಡಿಯಾಗಿ ಒಳಗೆ ತಂದರೆ ನಾಲ್ಕು ಸಾಗಣೆ. ಸಾಗಣೆಗೆ ಒಂದು ಎಟಿಪಿ ಅಂತ ಇಟ್ಟುಕೋ. ಒಳಗೆ ಬಂದ ಮೇಲೆ ಪ್ರತಿಯೊಂದಕ್ಕೂ ಫಾಸ್ಫೇಟ್ ಅಂಟಿಸಬೇಕು, ಅದಕ್ಕೂ ಒಂದೊಂದು."

"ಎಂಟು," ಅಂದ ಶ್ರೀಪತಿ.

"ಈಗ ನಾಲ್ಕು ಗ್ಲುಕೋಸ್ ಒಂದಕ್ಕೊಂದು ಅಂಟಿಕೊಂಡ ತುಂಡನ್ನು ಹಾಗೇ ಒಳಗೆ ತಾ. ಸಾಗಣೆ ಒಂದೇ. ಒಳಗೆ ಅದನ್ನು ನೀರಿನಿಂದ ಮುರಿಯುವ ಬದಲು ಫಾಸ್ಫೇಟ್‌ನಿಂದಲೇ ಮುರಿಯುವ ಕಿಣ್ವ ಇದೆ. ಮೂರು ಕಡೆ ಮುರಿದರೆ ಮೂರು ಗ್ಲುಕೋಸ್‌ಗೆ ಫಾಸ್ಫೇಟ್ ಪುಕ್ಕಟೆ ಅಂಟಿತು. ಉಳಿದ ಒಂದಕ್ಕೆ ಮಾತ್ರ ಎಟಿಪಿ ಕೊಡಬೇಕು."

ಶ್ರೀಪತಿ ಬರೆದದ್ದನ್ನು ನೋಡುತ್ತಾ ಕೂತ. "ಎರಡು. ಎಂಟರ ಜಾಗದಲ್ಲಿ ಎರಡು." ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. "ವೀಣಾ, ಇದು ನಿಜವಾಗಿ ಹೀಗೆ ಮಾಡುತ್ತದಾ?"

"ಮಾಡುತ್ತದೆ. ಸೆಲ್ಯುಲೋಸ್ ಮೇಲೆ ಬೆಳೆಯುವಾಗ ಅದು ಒಳಗೆ ತೆಗೆದುಕೊಳ್ಳುವ ತುಂಡುಗಳು ಸರಾಸರಿ ನಾಲ್ಕು ಗ್ಲುಕೋಸ್ ಉದ್ದ ಅಂತ ಅಳೆದಿದ್ದಾರೆ. ಬಿಡಿ ಗ್ಲುಕೋಸ್ ಕೊಟ್ಟರೆ ಅದಕ್ಕೆ ಅಷ್ಟು ಇಷ್ಟ ಆಗುವುದಿಲ್ಲ. ಸೆಲ್ಲೋಬಯೋಸ್ ಕೊಟ್ಟರೆ ಖುಷಿ."

"ನಮ್ಮ ಪೈಕಿ," ಅಂದ ಶ್ರೀಪತಿ. ಕಣ್ಣು ಒರೆಸಿಕೊಂಡನೋ ಕನ್ನಡಕ ಒರೆಸಿಕೊಂಡನೋ ಸರಿಯಾಗಿ ಕಾಣಲಿಲ್ಲ.

ಗುಂಡಣ್ಣ ಬಿಡಲಿಲ್ಲ. "ಗ್ಲುಕೋಸ್ ಮೊದಲು ಅಂತ ಈಗ ತಾನೇ ಹೇಳಿದೆಯಲ್ಲ?"

"ಹೆಚ್ಚಿನವಕ್ಕೆ ಅಂದೆ. ಎಲ್ಲದಕ್ಕೂ ಅನ್ನಲಿಲ್ಲ."

"ಇದು ಜಾರಿಕೊಳ್ಳುವುದು," ಅಂದರು ವಕೀಲರು ಮೆಚ್ಚುಗೆಯಿಂದ.

ಇದೇ ಥರ್ಮೋಸೆಲ್ಲಂ ಬಗ್ಗೆ ನನಗೆ ಜಾಸ್ತಿ ಇಷ್ಟವಾದದ್ದು ಬೇರೆ ಸಂಗತಿ. ಇದು ಕಿಣ್ವಗಳನ್ನು ಸುಮ್ನೆ ನೀರಿಗೆ ಬಿಡುವುದಿಲ್ಲ. ಒಂದು ಉದ್ದ ಪ್ರೋಟೀನಿನಲ್ಲಿ ಒಂಬತ್ತು ಹಿಡಿಕೆ. ಒಂದೊಂದು ಹಿಡಿಕೆಗೆ ಒಂದೊಂದು ಕಿಣ್ವ ಸಿಕ್ಕಿಸಿಕೊಂಡು, ಇಡೀ ಗುಂಪನ್ನು ತನ್ನ ಮೈಗೇ ಅಂಟಿಸಿಕೊಂಡಿರುತ್ತದೆ. ಸೆಲ್ಯುಲೋಸೋಮ್ ಅಂತ ಹೆಸರು. 1983ರಲ್ಲಿ ರಫಾಯೆಲ್ ಲಾಮೆಡ್, ಎಡ್ ಬೇಯರ್ ಮತ್ತು ಜೊತೆಗಾರರು ಇದನ್ನು ವಿವರಿಸಿದರು. ಕಿಣ್ವ ಕಳೆದುಹೋಗುವುದಿಲ್ಲ, ಚೂರು ಪಕ್ಕದವನ ಕೈಗೆ ಸಿಗುವುದೂ ಕಡಿಮೆ. ಶ್ರೀಪತಿಯ ಮುಖ ಆಗ ನೋಡಬೇಕಿತ್ತು.

ಅದಕ್ಕಿಂತ ಮಜಾ ಅಂದರೆ, ಹೊರಗೆ ಏನಿದೆ ಅಂತ ತಿಳಿಯಲು ಇದು ಚೂರು ಒಳಗೆ ಬರುವ ತನಕ ಕಾಯಬೇಕಿಲ್ಲ. ಆರ್‌ಎಸ್‌ಜಿಐ ಅನ್ನುವ ಒಂದು ಕುಲದ ಪ್ರೋಟೀನುಗಳಿವೆ. ಒಂದೊಂದೂ ಬ್ಯಾಕ್ಟೀರಿಯಾದ ಪೊರೆಯಲ್ಲಿ ತೂರಿಕೊಂಡು ನಿಂತಿರುತ್ತದೆ, ಅರ್ಧ ಒಳಗೆ, ಅರ್ಧ ಹೊರಗೆ. ಹೊರಗಿನ ತುದಿಗೆ ಗಿಡದ ಗೋಡೆಯ ಸಾಮಗ್ರಿಗಳಾದ ಸೆಲ್ಯುಲೋಸನ್ನೋ ಕ್ಸೈಲಾನನ್ನೋ ಪೆಕ್ಟಿನನ್ನೋ ತಡವಿ ಹಿಡಿಯುವ ಭಾಗ. ಒಳಗಿನ ತುದಿ ಸಿಗ್ಮಾ ಅನ್ನುವ ಇನ್ನೊಂದು ಪ್ರೋಟೀನನ್ನು ಹಿಡಿದುಕೊಂಡಿರುತ್ತದೆ. ಹೊರಗೆ ಮಾಲು ತಗುಲಿದರೆ ಒಳಗೆ ಹಿಡಿತ ಸಡಿಲ. ಬಿಡುಗಡೆಯಾದ ಸಿಗ್ಮಾ ಜೀನ್ ಓದುವ ಯಂತ್ರವನ್ನು ಕರೆದುಕೊಂಡು ಸರಿಯಾದ ಕಿಣ್ವದ ಜೀನ್ ಹತ್ತಿರ ಹೋಗುತ್ತದೆ. 2010ರ ಹೊತ್ತಿಗೆ ಇದೆಲ್ಲ ಬೆಳಕಿಗೆ ಬಂತು.

"ಅಂದರೆ ಅದಕ್ಕೆ ಕೈ ಇದೆ," ಅಂದ ಗುಂಡಣ್ಣ ನಿರಾಸೆಯಿಂದ. ಮಲಗಿದಲ್ಲಿಂದಲೇ ಕೈ ಚಾಚುವುದು ಸೋಮಾರಿತನವೇ ಅಂತ ಆಮೇಲೆ ಸಮಾಧಾನ ಮಾಡಿಕೊಂಡ.

ಇಷ್ಟು ಹೊತ್ತು ವಕೀಲರು ಸೋಮಾರಿ, ಜಿಪುಣ ಎರಡು ಪಕ್ಷಕ್ಕೂ ಸೇರದೆ ಕಾಯುತ್ತಿದ್ದರು. ಅವರ ಅವಕಾಶ ಬಂದದ್ದು ಪೆಕ್ಟೋಬ್ಯಾಕ್ಟೀರಿಯಂ ಹೆಸರು ಕೇಳಿದಾಗ. ಇದು ಸತ್ತ ಎಲೆಗಾಗಿ ಕಾಯುವ ಸಾಧು ಅಲ್ಲ. ಬದುಕಿರುವ ಗಿಡದೊಳಗೆ ನುಗ್ಗುತ್ತದೆ. ಆಲೂಗಡ್ಡೆಯನ್ನು ಮೆತ್ತಗೆ ಲೋಳೆ ಲೋಳೆಯಾಗಿ ಕೊಳೆಸುವ ಬ್ಯಾಕ್ಟೀರಿಯಾ ಇದೇ. ಗಿಡದ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಪೆಕ್ಟಿನ್ ಇದೆಯಲ್ಲ, ಅದನ್ನು ಕರಗಿಸಿಬಿಡುತ್ತದೆ.

"ಇಲ್ಲಿ ಒಂದು ಅಪಾಯ ಇದೆ," ಅಂದಳು ವೀಣಾ. "ಗಿಡ ಸುಮ್ನೆ ಕೂರುವುದಿಲ್ಲ. ಪೆಕ್ಟಿನ್ ಚೂರು ಬ್ಯಾಕ್ಟೀರಿಯಕ್ಕೆ ಊಟ, ಗಿಡಕ್ಕೆ ಎಚ್ಚರಿಕೆ. ತನ್ನ ಗೋಡೆಯ ಚೂರು ಉದುರುತ್ತಿದೆ ಅಂತ ಗೊತ್ತಾದರೆ ಗಿಡ ರಕ್ಷಣೆಗೆ ನಿಲ್ಲುತ್ತದೆ. ಆದ್ದರಿಂದ ನಾಲ್ಕೇ ಬ್ಯಾಕ್ಟೀರಿಯಾ ಇರುವಾಗ ಕಿಣ್ವ ಬಿಟ್ಟರೆ ಸಿಕ್ಕಿಬೀಳುತ್ತವೆ."

"ಆಮೇಲೆ?" ವಕೀಲರು ಕುರ್ಚಿಯ ತುದಿಗೆ ಬಂದಿದ್ದರು.

"ಕಾಯುತ್ತವೆ. ಪ್ರತಿಯೊಂದೂ ಒಂದು ಸಣ್ಣ ಕಣ ತಯಾರಿಸಿ ಹೊರಗೆ ಬಿಡುತ್ತಿರುತ್ತದೆ. ಅಸೈಲ್ ಹೋಮೋಸೆರೀನ್ ಲ್ಯಾಕ್ಟೋನ್ ಅಂತ. ಜನ ಕಡಿಮೆ ಇದ್ದರೆ ಆ ಕಣವೂ ಕಡಿಮೆ. ಸಂಖ್ಯೆ ಹೆಚ್ಚಿದ ಹಾಗೆ ಅದೂ ಹೆಚ್ಚುತ್ತದೆ. ಒಂದು ಮಟ್ಟ ದಾಟಿದಾಗ ಎಲ್ಲರೂ ಒಟ್ಟಿಗೆ ಕಿಣ್ವದ ಜೀನ್ ತೆರೆಯುತ್ತಾರೆ. ಗಿಡ ಕಣ್ಣು ಬಿಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ."

"ಒಳಸಂಚು!" ವಕೀಲರು ತೊಡೆ ತಟ್ಟಿದರು. "ಪೂರ್ವಸಿದ್ಧತೆ, ಸಂಕೇತ, ಒಟ್ಟಾಗಿ ದಾಳಿ. ಇಷ್ಟು ಚಂದದ ಕೇಸು ನನ್ನ ಕೈಗೆ ಬಂದೇ ಇಲ್ಲ. ನಿಮ್ಮ ಸೋಮಾರಿ, ಜಿಪುಣ ಎಲ್ಲ ಬದಿಗಿಡಿ. ಇದು ಪಕ್ಕಾ ಅಪರಾಧಿ. ಅಂದರೆ ನಮ್ಮ ಪೈಕಿ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. "ನಮ್ಮ ಕಕ್ಷಿದಾರರ ಪೈಕಿ," ಅಂತ ತಿದ್ದಿಕೊಂಡರು.

ಈ ಸಂಕೇತವನ್ನೇ ಗಿಡದ ಕೈಗೆ ಕೊಟ್ಟರೆ ಹೇಗೆ ಅಂತ ವಿಜ್ಞಾನಿಗಳೂ ಯೋಚಿಸಿದ್ದಾರೆ. ತಂಬಾಕಿನ ಗಿಡಕ್ಕೆ ಬ್ಯಾಕ್ಟೀರಿಯಾದ ಜೀನ್ ಸೇರಿಸಿ, ಆ ಕಣವನ್ನು ಗಿಡವೇ ತಯಾರಿಸುವ ಹಾಗೆ ಮಾಡಿದರು. ಒಳಗೆ ಬಂದ ನಾಲ್ಕೇ ಬ್ಯಾಕ್ಟೀರಿಯಕ್ಕೆ ಸುತ್ತ ಜನಸಾಗರ ಇರುವ ಭ್ರಮೆ. ಹೊತ್ತಿಗೆ ಮುಂಚೆಯೇ ಕಿಣ್ವ ಬಿಟ್ಟು ಸಿಕ್ಕಿಬಿದ್ದವು. ಗಿಡಕ್ಕೆ ರೋಗ ತಡೆಯುವ ಶಕ್ತಿ ಹೆಚ್ಚಿತು. ಇದು 2001ರಲ್ಲಿ.

"ಸಬಾಷ್!" ಅಂದರು ವಕೀಲರು.

"2004ರಲ್ಲಿ ಆಲೂಗಡ್ಡೆ ಗಿಡಕ್ಕೆ ಇದೇ ಉಪಾಯ ಮಾಡಿ ನೋಡಿದರು. ಅಲ್ಲಿ ಉಲ್ಟಾ ಆಯಿತು. ಕೊಳೆಯುವುದು ಇನ್ನೂ ಜಾಸ್ತಿಯಾಯಿತು."

"ಅದು ಹೇಗೆ? ಒಂದೇ ಸಾಕ್ಷಿ, ಎರಡು ತೀರ್ಪು?"

"ಬ್ಯಾಕ್ಟೀರಿಯಾ ಕೂಡಲೇ ಕೆಲಸಕ್ಕೆ ಇಳಿಯಿತು. ಗಿಡ ಎದ್ದು ನಿಲ್ಲದಿದ್ದರೆ, ಬೇಗ ಶುರು ಮಾಡಿದವನಿಗೇ ಲಾಭ."

ವಕೀಲರಿಗೆ ಇದು ಸರಿಬರಲಿಲ್ಲ. ಆಲೂಗಡ್ಡೆಯ ಪರವಾಗಿ ಮೇಲ್ಮನವಿ ಸಲ್ಲಿಸಬೇಕು ಅಂದರು.

ಪೆಕ್ಟಿನ್ ತಿನ್ನುವವರಲ್ಲೇ ಇನ್ನೊಂದು, ಡಿಕಿಯಾ. ಅದರಲ್ಲಿ ಸೆಲ್-ಆರ್ ಥರ ಜೀನ್ ಮುಚ್ಚಿಕೊಂಡು ಕೂರುವ ಕಾವಲು ಪ್ರೋಟೀನ್ ಕೆಡಿಜಿಆರ್. ಇದು ಹೊರಗಿಂದ ಬಂದ ಚೂರನ್ನು ನೇರವಾಗಿ ನಂಬುವುದಿಲ್ಲ. ಚೂರು ಒಳಗೆ ಬಂದು ಇನ್ನೂ ಕೆಲವು ಹಂತ ಕರಗಿ ಕೆಡಿಜಿ ಅನ್ನುವ ಕಣ ಆದ ಮೇಲೆಯೇ ಹಿಡಿತ ಬಿಡುತ್ತದೆ. "ಜೀರ್ಣ ಆಗಿದ್ದು ಖಾತ್ರಿ ಆಗಬೇಕು," ಅಂದ ಶ್ರೀಪತಿ, "ರಸೀದಿ ಬಂದ ಮೇಲೆ ಖರ್ಚು." ಇವನಿಗೆ ಆ ಹೊತ್ತಿಗೆ ಎಲ್ಲದರಲ್ಲೂ ರಸೀದಿಯೇ ಕಾಣುತ್ತಿತ್ತು.

ಆದರೆ ಕಳ್ಳರಲ್ಲಿ ನನ್ನ ಮತ ಸ್ಟ್ರೆಪ್ಟೋಮೈಸಿಸ್ ಸ್ಕೇಬೀಸ್‌ಗೆ. ಆಲೂಗಡ್ಡೆಯ ಮೈಮೇಲೆ ಕಜ್ಜಿಯಂಥ ಕಲೆ ಮಾಡುವುದು ಇದು. ಇದರಲ್ಲಿ ಸೆಲ್-ಆರ್ ಜಾತಿಯದ್ದೇ ಒಂದು ಕಾವಲು ಪ್ರೋಟೀನ್ ಇದೆ, ಸೆಬ್-ಆರ್. ಸೆಲ್ಯುಲೋಸ್ ಚೂರು ಬಂದಾಗ ಇದೂ ಹಿಡಿತ ಬಿಡುತ್ತದೆ. ಆದರೆ ಆಗ ತೆರೆಯುವ ಜೀನ್‌ಗಳಲ್ಲಿ ವಿಷದ ಜೀನ್‌ಗಳೂ ಇವೆ. ಥಾಕ್ಸ್‌ಟಾಮಿನ್ ಅನ್ನುವ ಆ ವಿಷ ಏನು ಮಾಡುತ್ತದೆ ಗೊತ್ತಾ? ಗಿಡ ಹೊಸದಾಗಿ ಸೆಲ್ಯುಲೋಸ್ ಕಟ್ಟುವುದನ್ನೇ ನಿಲ್ಲಿಸುತ್ತದೆ. ಗೋಡೆಯ ಚೂರು ಬಂದರೆ ಸಾಕು, ಹತ್ತಿರದಲ್ಲಿ ಬೆಳೆಯುವ ಬೇರೋ ಗೆಡ್ಡೆಯೋ ಇದೆ ಅಂತ ಅದಕ್ಕೆ ಸುಳಿವು. ಕೂಡಲೇ ಗೋಡೆ ಕಟ್ಟುವ ಕೆಲಸಕ್ಕೇ ಕಲ್ಲು ಹಾಕುತ್ತದೆ. ಸೆಬ್-ಆರ್ ಜೀನನ್ನು ಕಿತ್ತು ಹಾಕಿದರೆ ಈ ಬ್ಯಾಕ್ಟೀರಿಯಾ ವಿಷವನ್ನು ವಿಪರೀತ ತಯಾರಿಸುತ್ತದೆ ಅಂತಲೂ ತೋರಿಸಿದ್ದಾರೆ. ಕಾವಲುಗಾರ ಇದ್ದಾಗಲೇ ಈ ಕಥೆ, ಇಲ್ಲದಿದ್ದರೆ ಕೇಳಬೇಕೆ?

ಇಷ್ಟಾಗುವಾಗ ಗುಂಡಣ್ಣ ನಿದ್ದೆ ಹೋಗಿದ್ದ ಅಂತ ನಾವು ತಿಳಿದಿದ್ದೆವು. ಕಣ್ಣು ಮುಚ್ಚಿಕೊಂಡೇ ಕೇಳಿದ. "ನಮ್ಮ ಹೊಟ್ಟೆಯೊಳಗೆ ಇರುವವು ಯಾವ ಪೈಕಿ?"

ವೀಣಾ ಸ್ವಲ್ಪ ಯೋಚಿಸಿದಳು. "ಅವು ಮೂರೂ ಹೌದು ಅನ್ನಬಹುದು."

ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಾಯಿಡಿಸ್ ಥೀಟಾಅಯೋಟಾಮಿಕ್ರಾನ್ ಅಂತ ಒಂದಿದೆ. ಹೆಸರು ಹೇಳುವಷ್ಟರಲ್ಲಿ ಅದು ಒಂದು ಸಾಲು ಪೆಕ್ಟಿನ್ ಮುಗಿಸಿರುತ್ತದೆ. ನಾರು, ಪಿಷ್ಟ, ಸಕ್ಕರೆ ಅಂಥದ್ದನ್ನು ಅರಗಿಸಲು ಮನುಷ್ಯನ ಜೀರ್ಣಾಂಗ ಹೊರಗೆ ಬಿಡುವ ಕಿಣ್ವಗಳು ಇಪ್ಪತ್ತಕ್ಕಿಂತ ಕಡಿಮೆ. ಈ ಒಂದು ಬ್ಯಾಕ್ಟೀರಿಯಾದ ಹತ್ತಿರ 250ಕ್ಕಿಂತ ಹೆಚ್ಚು. ಜೀನ್‌ಗಳನ್ನು 88 ಗುಂಪುಗಳಾಗಿ ಜೋಡಿಸಿಟ್ಟುಕೊಂಡಿದೆ, ಬೇರೆ ಬೇರೆ ಮಾಲಿಗೆ ಬೇರೆ ಬೇರೆ ಗುಂಪು. ಚೂರು ಪೊರೆಯ ಒಳಗೆ ಬಂದಾಗ ಅದನ್ನು ಗುರುತು ಹಿಡಿಯುವ ಪ್ರೋಟೀನುಗಳಿವೆ. ಗುರುತು ಸಿಕ್ಕಿದ ಗುಂಪು ಮಾತ್ರ ತೆರೆದುಕೊಳ್ಳುತ್ತದೆ. ಹೊರಗೆ ಒಂದೆರಡು ಕಡೆ ಮಾತ್ರ ಕತ್ತರಿಸಿ, ದೊಡ್ಡ ತುಂಡನ್ನೇ ಬೇಗ ಒಳಗೆ ಎಳೆದುಕೊಂಡು, ಉಳಿದ ಕತ್ತರಿಕೆ ಎಲ್ಲ ತನ್ನ ಮೈಯ ಎರಡು ಪೊರೆಗಳ ನಡುವೆ ಗುಟ್ಟಾಗಿ ಮಾಡುವುದೂ ಇದೆ. ಪಕ್ಕದವನಿಗೆ ಒಂದು ಚೂರೂ ಬೀಳುವುದಿಲ್ಲ. ಯೀಸ್ಟ್‌ನ ಗೋಡೆ ತಿನ್ನುವಾಗ ಇದು ಹೀಗೇ ಸ್ವಾರ್ಥಿಯಾಗಿ ನಡೆದುಕೊಳ್ಳುತ್ತದೆ ಅಂತ 2015ರಲ್ಲಿ ಬರೆದಿದ್ದಾರೆ.

"ಸ್ವಾರ್ಥಿ ಅಂತಲೇ ಬರೆದಿದ್ದಾರಾ?" ಅಂದ ಶ್ರೀಪತಿ.

"ಅದೇ ಪದ."

ಶ್ರೀಪತಿ ಗೆದ್ದ ಹಾಗೆ ಸುತ್ತ ನೋಡಿದ. ಆಮೇಲೆ ಏನೋ ಹೊಳೆದು ಮುಖ ಸಪ್ಪಗಾಯಿತು. "ಒಂದು ನಿಮಿಷ. ನಾನು ನಾರು ತಿನ್ನದಿದ್ದರೆ? ಅದಕ್ಕೆ ಗಿಡದ ಚೂರು ಸಿಗದಿದ್ದರೆ ಜೀನ್ ಮುಚ್ಚಿಕೊಂಡು ಸುಮ್ನೆ ಇರುತ್ತದೆ ತಾನೇ?"

"ಆ ಜೀನ್‌ಗಳು ಮುಚ್ಚಿಕೊಳ್ಳುತ್ತವೆ. ಬೇರೆ ಜೀನ್ ತೆರೆಯುತ್ತದೆ. ಇಲಿಗಳಲ್ಲಿ ನೋಡಿದ್ದಾರೆ. ಗಿಡದ ನಾರು ಸಿಗದೆ ಹೋದರೆ ಕರುಳಿನ ಗೋಡೆಗೆ ಹಚ್ಚಿರುವ ಲೋಳೆಯಲ್ಲಿ ಇರುವ ಸಕ್ಕರೆಗಳನ್ನು ತಿನ್ನಲು ಶುರು ಮಾಡುತ್ತದೆ."

"ಯಾರ ಕರುಳು?"

"ಯಾರ ಹೊಟ್ಟೆಯಲ್ಲಿ ಇದೆಯೋ ಅವರದ್ದು."

"ಅದು ನನ್ನ ಆಸ್ತಿ!" ಶ್ರೀಪತಿ ಎದ್ದು ನಿಂತ. "ನನ್ನನ್ನು ಕೇಳದೆ ನನ್ನ ಗೋಡೆಗೆ ಕೈ ಹಾಕುವುದಾ? ವಕೀಲ್ರೇ, ಇದಕ್ಕೊಂದು ನೋಟಿಸ್ ಕಳಿಸಿ."

ವಕೀಲರು ಜೇಬಿನಿಂದ ಆ 14 ಅಕ್ಷರದ ಕಾಗದ ತೆಗೆದು, ಹಿಂದೆ ಖಾಲಿ ಜಾಗ ಇದೆಯಾ ಅಂತ ತಿರುಗಿಸಿ ನೋಡಿದರು. "ಕಳಿಸಬಹುದು. ಆದರೆ ವಿಳಾಸ ನಿನ್ನದೇ ಬರೆಯಬೇಕಾಗುತ್ತದೆ ಶ್ರೀಪತಿ. ಅಂಚೆ ವೆಚ್ಚ ಯಾರ ಲೆಕ್ಕಕ್ಕೆ?"